ಮುಳ್ಳು ಏಳದ ಮೀಟರು

ಗಾಡಿ ಓಡುತ್ತಿರುತ್ತದೆ, ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿರುತ್ತದೆ. ಕಿಲೋಮೀಟರಿನ ಅಂಕಿ ನಿಂತಲ್ಲೇ ನಿಂತಿರುತ್ತದೆ. ಒಂದೆರಡು ದಿನ ಕಳೆದರೆ ಎಂಜಿನ್ ಚಿತ್ರದ ಹಳದಿ ದೀಪವೂ ಹತ್ತಿಕೊಳ್ಳುತ್ತದೆ. ಮಹಾರಾಷ್ಟ್ರದ ಜತ್ತ ತಾಲೂಕಿನ ನಮ್ಮ ದರಿಬಡಚಿಯಲ್ಲಿ ಇದಕ್ಕೆ ‘ಕಾಟಾ ಬಿತ್ತು’ ಅನ್ನುತ್ತೇವೆ. ಕಾಟಾ ಮರಾಠಿಯದು, ಮುಳ್ಳು ಕನ್ನಡದ್ದು; ಗಡಿಯ ಊರಿನಲ್ಲಿ ಎರಡೂ ನಮ್ಮವೇ.

ಹೋದ ಮಳೆಗಾಲದಲ್ಲಿ ಒಬ್ಬ ಕಾಕಾ ತಮ್ಮ ಸಣ್ಣ ಕಾರು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಳ್ಳುವ ಭಕ್ತರನ್ನು ಕರೆದೊಯ್ಯುವ ಗಾಡಿ ಅದು. “ಸರ, ಕಾಟಾ ಏಳವಲ್ದರಿ. ಸೆನ್ಸರ್ ಹೊಸಾದು ಹಾಕ್ಸೀನಿ, ಆದ್ರೂ ಹಂಗ ಐತಿ” ಅಂದರು. ಬೇರೆ ಊರಿನ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಚ್ಚಿ, ಪಿ0500 ಎಂಬ ಕೋಡ್ ನೋಡಿ, ಸೆನ್ಸರ್ ಬದಲಿಸಿ ಕಳಿಸಿದ್ದರು. ಹಣ ಹೋಯಿತು, ದೀಪ ಉಳಿಯಿತು. ಬಿಚ್ಚಿದ ಹಳೆಯ ಸೆನ್ಸರನ್ನು ಕಾಕಾ ಬಟ್ಟೆಯಲ್ಲಿ ಸುತ್ತಿ ಗಾಡಿಯ ಖಾನೆಯಲ್ಲೇ ಇಟ್ಟುಕೊಂಡಿದ್ದರು. ಅದರ ಕತೆ ಆಮೇಲೆ ಬರುತ್ತದೆ.

ಗ್ಯಾರೇಜಿನ ಕೆಲಸಕ್ಕೆ ಈಗಷ್ಟೇ ಕೈಹಾಕಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಿಲ್ಲಾ ಪರಿಷದಿನ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗರು ಮುಂದೆ ಐಟಿಐಗೆ ಹೋದರೆ ಪುಸ್ತಕ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೈಗೆ ಬರುತ್ತದೆ. ಭಾಷೆ ತೊಡಕಾದಾಗ ‘ಏಕೆ’ ಎಂಬುದು ಕೈಬಿಟ್ಟು ಹೋಗಿ, ‘ಈ ಕೋಡ್ ಬಂದರೆ ಈ ಸಾಮಾನು ಬದಲಿಸು’ ಎಂಬ ಬಾಯಿಪಾಠ ಮಾತ್ರ ಉಳಿಯುತ್ತದೆ. ಆ ಬಾಯಿಪಾಠವನ್ನು ಬಿಡಿಸಬೇಕೆಂಬುದೇ ನನ್ನ ಆಸೆ. ಕೋಡ್ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರು, ಅಂದರೆ ಇಸಿಯು, ಕೊಟ್ಟ ದೂರು. ದೂರು ಬಂದ ಮೇಲೆ ವಿಚಾರಣೆ ಆಗಬೇಕು. ವಿಚಾರಣೆ ಮಾಡುವುದು ನಿಮ್ಮ ಕೆಲಸ, ಸ್ಕ್ಯಾನರಿನದಲ್ಲ.

ಗಾಡಿಗೆ ತನ್ನ ವೇಗ ಹೇಗೆ ಗೊತ್ತಾಗುತ್ತದೆ? ಮೊದಲು ಅದನ್ನು ನೋಡೋಣ. ಹಳೆಯ ಮಾರುತಿ 800, ಓಮ್ನಿ ಬಿಚ್ಚಿದವರಿಗೆ ಕೇಬಲ್ ಗೊತ್ತು. ಗೇರ್‌ಬಾಕ್ಸಿನಿಂದ ಹೊರಟ ಕೇಬಲ್ ಒಳಗೊಳಗೇ ತಿರುಗುತ್ತ ಬಂದು, ಮೀಟರಿನ ಹಿಂದೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅಲ್ಯುಮಿನಿಯಮ್ಮಿನ ಬಟ್ಟಲು. ಅಯಸ್ಕಾಂತ ತಿರುಗಿದಂತೆ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿ ಎದ್ದು, ಬಟ್ಟಲನ್ನೂ ಅದಕ್ಕೆ ಅಂಟಿದ ಮುಳ್ಳನ್ನೂ ಎಳೆಯುತ್ತದೆ. ಕೂದಲಿನಂಥ ಸ್ಪ್ರಿಂಗು ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮನಾದ ಕಡೆ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಎಷ್ಟೋ ದಶಕ ಬಾಳಿತು. ಕೇಬಲ್ ಹರಿದರೆ ಮುಳ್ಳು ಬೀಳುತ್ತಿತ್ತು, ಕೇಬಲ್ ಹಾಕಿದರೆ ಏಳುತ್ತಿತ್ತು. ಎಂಜಿನ್ನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಇಂದಿನ ಗಾಡಿಯಲ್ಲಿ ಕೇಬಲ್ಲಿನ ಜಾಗಕ್ಕೆ ಸೆನ್ಸರ್ ಮತ್ತು ತಂತಿ ಬಂದಿವೆ. ವೇಗದ ಸುದ್ದಿ ಮೀಟರಿಗಷ್ಟೇ ಅಲ್ಲ, ಎಂಜಿನ್ ನಡೆಸುವ ಇಸಿಯುಗೂ, ಎಷ್ಟೋ ಗಾಡಿಗಳಲ್ಲಿ ಪವರ್ ಸ್ಟಿಯರಿಂಗಿಗೂ, ಆಟೊಮ್ಯಾಟಿಕ್ ಗೇರ್ ಇದ್ದರೆ ಅದಕ್ಕೂ ಬೇಕು. ಅದಕ್ಕಾಗಿಯೇ ಮುಳ್ಳು ಬಿದ್ದ ಗಾಡಿ ಸಿಗ್ನಲ್ಲಿನಲ್ಲಿ ನಿಲ್ಲುವಾಗ ಒಮ್ಮೊಮ್ಮೆ ಬಂದ್ ಬೀಳುವುದು, ಸ್ಟಿಯರಿಂಗಿನ ದೀಪ ಹತ್ತುವುದು.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಸೆನ್ಸರಿಗೆ ವೇಗವೆಂದರೇನೆಂದು ಗೊತ್ತಿಲ್ಲ. ಸಂಜೆ ಕುರಿದಡ್ಡಿಯ ಬಾಗಿಲಲ್ಲಿ ನಿಂತು ಎಣಿಸುವವನನ್ನು ನೆನೆಯಿರಿ. ಮಾಡಗ್ಯಾಳ ಕುರಿಗಳ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ‘ಒಂದು ದಾಟಿತು, ಇನ್ನೊಂದು ದಾಟಿತು’ ಎಂದು ಕೂಗುವುದಷ್ಟೇ ಸೆನ್ಸರಿನ ಕೆಲಸ. ದಾಟುವ ಕುರಿಗಳು ಎಂದರೆ ಗೇರಿನ ಹಲ್ಲುಗಳು ಅಥವಾ ಅಯಸ್ಕಾಂತದ ಧ್ರುವಗಳು. ಕೂಗು ಎಂದರೆ ಪಲ್ಸ್. ಕೂಗು ಹೋಗುವ ದಾರಿ ತಂತಿ. ಒಂದು ಸೆಕೆಂಡಿಗೆ ಎಷ್ಟು ಕೂಗು ಬಂದವು ಎಂದು ಲೆಕ್ಕ ಹಾಕಿ ವೇಗ ಹೇಳುವವನು ಆ ಕಡೆ ಕೂತ ಇಸಿಯು ಅಥವಾ ಮೀಟರು. ಲೆಕ್ಕ ತಪ್ಪಿದರೆ ನಾಲ್ವರಲ್ಲಿ ಯಾರನ್ನಾದರೂ ಕೇಳಬೇಕಾಗುತ್ತದೆ. ಕೂಗುವವನನ್ನು ಮಾತ್ರ ಕೆಲಸದಿಂದ ತೆಗೆದರೆ ಹೇಗೆ?

ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ. ಜಪಾನಿನ ಮಾನದಂಡದ ಪ್ರಕಾರ ಕಟ್ಟಿದ ಗಾಡಿಗಳಲ್ಲಿ ಮೀಟರಿಗೆ ಹೋಗುವ ಸ್ಪಿಂಡಲ್ ಒಂದು ಕಿಲೋಮೀಟರಿಗೆ 637 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 4 ಪಲ್ಸ್ ಕೊಡುವ ಸೆನ್ಸರ್ ಇದ್ದರೆ ಕಿಲೋಮೀಟರಿಗೆ 2548 ಪಲ್ಸ್. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಅಂದರೆ ನಿಮಿಷಕ್ಕೆ 2548, ಸೆಕೆಂಡಿಗೆ ಸುಮಾರು 42. ಗಂಟೆಗೆ 20ರ ವೇಗದಲ್ಲಿ ಸೆಕೆಂಡಿಗೆ 14. ಎಲ್ಲ ಗಾಡಿಯಲ್ಲೂ ಇದೇ ಅಂಕಿ ಇರುವುದಿಲ್ಲ, ಆದರೆ ಎಣಿಕೆಯ ರೀತಿ ಇದೇ. ಈ ಅಂಕಿ ಮುಂದೆ ಚಕ್ರ ಎತ್ತಿದಾಗ ಕೆಲಸಕ್ಕೆ ಬರುತ್ತದೆ.

ಸೆನ್ಸರಿನಲ್ಲಿ ಜಾತಿಗಳಿವೆ. ಮುಟ್ಟುವ ಮೊದಲು ಯಾವುದೆಂದು ತಿಳಿಯಬೇಕು, ಇಲ್ಲದಿದ್ದರೆ ಅಳತೆಯೇ ತಪ್ಪುತ್ತದೆ. ಎರಡು ತಂತಿಯ ಕಾಯಿಲ್ ಸೆನ್ಸರಿಗೆ ಹೊರಗಿನಿಂದ ಕರೆಂಟು ಬೇಕಿಲ್ಲ. ಹಲ್ಲು ಹತ್ತಿರ ಹಾಯ್ದಾಗಲೆಲ್ಲ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಅದೇ ನಿಯಮ. ಇದರ ಎರಡು ಪಿನ್ನುಗಳ ನಡುವೆ ರೆಸಿಸ್ಟೆನ್ಸ್ ಅಳೆಯಬಹುದು. ಮೂರು ತಂತಿಯದು ಹಾಲ್ ಸೆನ್ಸರ್. ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮದ ಮೇಲೆ ನಿಂತದ್ದು. ಒಂದು ತಂತಿ ಪವರ್, ಒಂದು ಅರ್ಥ್, ಒಂದು ಸಿಗ್ನಲ್. ಇದರೊಳಗೆ ಎಲೆಕ್ಟ್ರಾನಿಕ್ ಭಾಗ ಇರುವುದರಿಂದ ಓಮ್ ಅಳತೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಮೂರನೆಯದು, ಗೇರ್‌ಬಾಕ್ಸಿನಲ್ಲಿ ಬೇರೆ ಸೆನ್ಸರೇ ಇಲ್ಲದ ಹೊಸ ಗಾಡಿ. ಅಲ್ಲಿ ಬ್ರೇಕ್ ಹಾಕಿದಾಗ ಚಕ್ರ ಜಾಮಾಗದಂತೆ ತಡೆಯುವ ಎಬಿಎಸ್ಸಿನ ನಾಲ್ಕೂ ಚಕ್ರದ ಸೆನ್ಸರುಗಳೇ ಎಣಿಸುತ್ತವೆ. ಎಬಿಎಸ್ ಯೂನಿಟ್ಟು ಲೆಕ್ಕ ಮಾಡಿ, ಕ್ಯಾನ್ ಎಂಬ ಎರಡು ತಂತಿಯ ಜಾಲದಲ್ಲಿ ಎಲ್ಲರಿಗೂ ಹಂಚುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ ಈ ಬಗೆ ಹೆಚ್ಚಿದೆ. ಇಂಥ ಗಾಡಿಯಲ್ಲಿ ಪಿ0500 ಬಂದರೆ ಗೇರ್‌ಬಾಕ್ಸಿನ ಮೇಲೆ ಸೆನ್ಸರ್ ಹುಡುಕುತ್ತ ಕೂರಬೇಡಿ, ಮೊದಲು ಎಬಿಎಸ್ ಯೂನಿಟ್ಟಿನ ಕೋಡ್ ಓದಿ.

ಕಾಕಾನ ಗಾಡಿಯದು ಮೂರು ತಂತಿಯ ಹಾಲ್ ಸೆನ್ಸರ್. ನಮ್ಮ ಕಡೆಯ ರಸ್ತೆಗಳಲ್ಲಿ ಇನ್ನೂ ಬಹಳ ಓಡುವುದು ಇದೇ ಬಗೆಯವು. ಹಾಗಾಗಿ ಇಲ್ಲಿ ಇದನ್ನೇ ಬಿಡಿಸುತ್ತೇನೆ.

ಈಗ ಕೋಡಿನ ಮಾತಿಗೆ ಬರೋಣ. ನಮ್ಮಲ್ಲಿ ಕಾರುಗಳಿಗೆ ಒಬಿಡಿಯ, ಅಂದರೆ ಗಾಡಿಯೇ ತನ್ನ ದೋಷ ಗುರುತಿಸುವ ವ್ಯವಸ್ಥೆಯ, ಮೊದಲ ಹಂತ 2010ರ ಏಪ್ರಿಲಿನಿಂದ, ಎರಡನೆಯದು 2013ರ ಏಪ್ರಿಲಿನಿಂದ ಬಂತು. ಡ್ಯಾಶ್‌ಬೋರ್ಡಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚಿದರೆ ಕೋಡ್ ಕಾಣುತ್ತದೆ. ಪಿ0500 ಎಂದರೆ ವೇಗದ ಸೆನ್ಸರಿನ ಸರ್ಕಿಟ್ಟಿನಲ್ಲಿ ದೋಷ. ಪಿ0501 ಎಂದರೆ ಸಿಗ್ನಲ್ ಬರುತ್ತಿದೆ, ಆದರೆ ನಂಬುವಂತಿಲ್ಲ. ಪಿ0502 ಎಂದರೆ ಸಿಗ್ನಲ್ ತೀರ ಕಡಿಮೆ, ಪಿ0503 ಎಂದರೆ ಬಿಟ್ಟುಬಿಟ್ಟು ಅಥವಾ ಅಡ್ಡಾದಿಡ್ಡಿ ಬರುತ್ತಿದೆ. ಇಸಿಯು ಇದನ್ನು ಹೇಗೆ ತೀರ್ಮಾನಿಸುತ್ತದೆ ಎಂದು ಯೋಚಿಸಿ ನೋಡಿ. ಅದಕ್ಕೆ ಕಣ್ಣಿಲ್ಲ. ಎಂಜಿನ್ ಇಷ್ಟು ಸುತ್ತು ತಿರುಗುತ್ತಿದೆ, ಇಷ್ಟು ಹೊರೆ ಎಳೆಯುತ್ತಿದೆ, ಅಂದಮೇಲೆ ಗಾಡಿ ಓಡುತ್ತಿರಲೇಬೇಕು; ಆದರೆ ವೇಗ ಸೊನ್ನೆ ಅನ್ನುತ್ತಿದೆ, ಇದು ಹೊಂದುವುದಿಲ್ಲ ಎಂದು ಕೆಲ ಹೊತ್ತು ಕಾದು, ಆಮೇಲೆ ದೀಪ ಹಚ್ಚುತ್ತದೆ. ‘ನನಗೆ ಕೂಗು ಕೇಳುತ್ತಿಲ್ಲ’ ಎಂದಷ್ಟೇ ಅದು ಹೇಳಿದ್ದು. ಕೂಗುವವನಿಗೆ ದನಿ ಹೋಗಿದೆ ಎಂದು ಹೇಳಿಲ್ಲ.

ಕೋಡ್ ಕಂಡ ಕೂಡಲೇ ಅಳಿಸುವ ಚಪಲ ಹೊಸಬರಿಗೆ ಇರುತ್ತದೆ. ಅಳಿಸಬೇಡಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಎಂಬ ಒಂದು ದಾಖಲೆ ಇರುತ್ತದೆ: ದೀಪ ಹತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತಿನಲ್ಲಿತ್ತು, ಎಷ್ಟು ಬಿಸಿಯಾಗಿತ್ತು, ವೇಗ ಎಷ್ಟೆಂದು ತೋರುತ್ತಿತ್ತು. ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ.

ಆಮೇಲೆ ಗಾಡಿಯವರ ಹತ್ತಿರ ಕೂತು ಕೇಳಿ. ಯಾವಾಗಿನಿಂದ? ಒಮ್ಮೆಲೇ ಬಿತ್ತೋ, ಕುಣಿದು ಕುಣಿದು ಬಿತ್ತೋ? ಮಳೆಯಲ್ಲಿ ಹೆಚ್ಚೋ? ಅದಕ್ಕೆ ಮೊದಲು ಏನು ಕೆಲಸ ಮಾಡಿಸಿದ್ದಿರಿ? ಈ ಕೊನೆಯ ಪ್ರಶ್ನೆಗೆ ಕಾಕಾ ಸ್ವಲ್ಪ ಯೋಚಿಸಿ, “ಕ್ಲಚ್ ಪ್ಲೇಟ್ ಹಾಕ್ಸಿದ್ನ್ಯಾ, ಹದಿನೈದು ದಿನಾ ಆಗಿತ್ತು” ಅಂದರು. ನನ್ನ ಕಿವಿ ನೆಟ್ಟಗಾದದ್ದು ಅಲ್ಲಿ. ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಗೇರ್‌ಬಾಕ್ಸ್ ಇಳಿಸಬೇಕಾದರೆ ಅದರ ಮೇಲಿನ ತಂತಿ ಕೂಡಿಸುವ ಕಪ್ಲರುಗಳನ್ನೂ ಅರ್ಥ್ ತಂತಿಗಳನ್ನೂ ಬಿಚ್ಚಬೇಕು. ಬಿಚ್ಚಿದ್ದನ್ನು ಕಟ್ಟುವಾಗ ಏನೋ ಉಳಿದಿರಬಹುದು.

ಇನ್ನೊಂದು ಪ್ರಶ್ನೆಯನ್ನು ಮರ್ಯಾದೆಯಿಂದ, ಆದರೆ ನೇರವಾಗಿ ಕೇಳಬೇಕಾಗುತ್ತದೆ: ಯಾರಾದರೂ ಬೇಕಂತಲೇ ತಂತಿ ಬಿಡಿಸಿದ್ದಾರೆಯೇ? ಓಡಿದ ಕಿಲೋಮೀಟರ್ ಕಾಣದಿರಲಿ ಎಂದು ಸೆನ್ಸರಿನ ಕಪ್ಲರ್ ಕಿತ್ತು ಗಾಡಿ ಓಡಿಸುವವರಿದ್ದಾರೆ. ಅದು ಮುಂದೆ ಆ ಗಾಡಿ ಕೊಳ್ಳುವವರಿಗೆ ಮಾಡುವ ಮೋಸ. ಅಂಥ ಕೆಲಸಕ್ಕೆ ಕೈ ಕೊಡಬೇಡಿ, ಎಷ್ಟೇ ಪರಿಚಯದವರು ಕೇಳಿದರೂ.

ಈಗ ಟಾರ್ಚ್ ಹಿಡಿದು ನೋಡುವ ಕೆಲಸ. ಮಲ್ಟಿಮೀಟರು ಹೊರಬರುವ ಮೊದಲೇ ಎಷ್ಟೋ ದೋಷಗಳು ಕಣ್ಣಿಗೆ ಸಿಕ್ಕಿಬಿಡುತ್ತವೆ. ನಮ್ಮ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಇಲಿಯ ಹಲ್ಲಿನ ಗುರುತು. ಜೋಳದ ಕಣಿಕೆಯ ಬಣವೆಯ ಪಕ್ಕ ಗಾಡಿ ನಿಲ್ಲಿಸುವ ಮನೆಗಳಲ್ಲಿ ಬಾನೆಟ್ಟಿನ ಕೆಳಗೆ ಇಲಿ ಸೇರಿ ತಂತಿಯ ಹೊದಿಕೆ ಕಡಿಯುತ್ತದೆ. ಆಮೇಲೆ ಎರೆಮಣ್ಣಿನ ಕೆಸರು: ಕಪ್ಲರಿನ ಮೇಲೆ ಮೆತ್ತಿಕೊಂಡು, ಒಣಗಿ, ಮತ್ತೆ ನೆನೆದು, ರಬ್ಬರ್ ಸೀಲು ಹಳೆಯದಾಗಿದ್ದರೆ ಒಳಗೂ ತೇವ ಹೋಗುತ್ತದೆ. ಕಪ್ಲರ್ ಬಿಚ್ಚಿದಾಗ ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಅರ್ಧ ಉತ್ತರ ಸಿಕ್ಕಂತೆ. ಕಪ್ಲರಿನೊಳಗೆ ಗೇರ್ ಎಣ್ಣೆ ಕಂಡರೆ ಸೆನ್ಸರಿನ ಸೀಲು ಸೋತಿದೆ ಎಂದರ್ಥ; ಆಗ ಸೆನ್ಸರ್ ಬದಲಿಸುವುದು ನ್ಯಾಯವೇ.

ಮೂರನೆಯದು, ಆಮೇಲೆ ಸೇರಿಸಿದ ಜೋಡಣೆಗಳು. ಬಾಡಿಗೆ ಓಡುವ ಹಲವು ವಾಹನಗಳಿಗೆ ವೇಗ ಮಿತಿಗೊಳಿಸುವ ಗವರ್ನರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮ ಹೇಳುತ್ತದೆ. ಗವರ್ನರಿಗೂ ವೇಗ ಗೊತ್ತಾಗಬೇಕಲ್ಲ? ಹಾಗಾಗಿ ಎಷ್ಟೋ ಕಡೆ ಅದನ್ನು ಇದೇ ಸಿಗ್ನಲ್ ತಂತಿಗೆ ಜೋಡಿಸಿರುತ್ತಾರೆ, ಕೆಲವರು ತಂತಿಯ ಹೊದಿಕೆ ಸುಲಿದು ಟೇಪು ಸುತ್ತಿ ಬಿಟ್ಟಿರುತ್ತಾರೆ. ಆ ಗಂಟು ಸಡಿಲಾದರೆ, ಗವರ್ನರಿನೊಳಗೇ ಶಾರ್ಟ್ ಆದರೆ, ಮುಳ್ಳು ಬೀಳುತ್ತದೆ. ಪರೀಕ್ಷೆಗೆಂದು ಅದನ್ನು ಬೇರ್ಪಡಿಸಿ ನೋಡಬಹುದು; ಕಿತ್ತು ಬಿಸಾಡುವ ಹಕ್ಕು ನಮಗಿಲ್ಲ. ಗಂಟು ಬಿಚ್ಚಿ, ಬೆಸುಗೆ ಹಾಕಿ, ಸರಿಯಾಗಿ ಮುಚ್ಚಿ ಮತ್ತೆ ಕೂಡಿಸಿ. ಟೇಪ್‌ರೆಕಾರ್ಡರ್, ಸೆಂಟ್ರಲ್ ಲಾಕ್, ಜಿಪಿಎಸ್ ಹಾಕಿದವರ ಗಂಟುಗಳನ್ನೂ ಹೀಗೇ ಹುಡುಕಬೇಕು.

ಕಾಕಾನ ಗಾಡಿಯಲ್ಲಿ ಕಣ್ಣಿಗೆ ಏನೂ ಸಿಗಲಿಲ್ಲ. ಕಪ್ಲರ್ ಶುಚಿಯಾಗಿತ್ತು, ತಂತಿ ಗಟ್ಟಿಯಾಗಿತ್ತು, ಫ್ಯೂಸ್ ಸರಿಯಿತ್ತು. ಹಾಗಾಗಿ ಮಲ್ಟಿಮೀಟರ್ ತೆಗೆದೆವು.

ಇಲ್ಲಿಂದ ನಿಧಾನವಾಗಿ ಓದಿ, ಇಡೀ ಪಾಠದ ತಿರುಳು ಇಲ್ಲೇ ಇದೆ. ಕಪ್ಲರ್ ಬಿಚ್ಚಿ, ಕೀಲಿ ಆನ್ ಮಾಡಿ, ಗಾಡಿಯ ಕಡೆಯ ಪಿನ್ನುಗಳನ್ನು ಅಳೆಯಬೇಕು. ಮಲ್ಟಿಮೀಟರಿನ ಕಪ್ಪು ತಂತಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ತಂತಿ ಒಂದೊಂದೇ ಪಿನ್ನಿಗೆ. ಪವರ್ ಪಿನ್ನಿನಲ್ಲಿ ಬ್ಯಾಟರಿಯಷ್ಟೇ, ಅಂದರೆ ಸುಮಾರು 12 ವೋಲ್ಟ್ ಬರಬೇಕು. ಕೆಲವು ಗಾಡಿಗಳಲ್ಲಿ 5 ವೋಲ್ಟ್. ಸಿಗ್ನಲ್ ಪಿನ್ನಿನಲ್ಲೂ 5 ಅಥವಾ 12 ವೋಲ್ಟ್ ಕಾಣಬೇಕು. ಇದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ: ಸೆನ್ಸರನ್ನೇ ಬಿಚ್ಚಿದ್ದೇವೆ, ಸಿಗ್ನಲ್ ಎಲ್ಲಿಂದ ಬಂತು? ಅದು ಆ ಕಡೆ ಕೂತ ಇಸಿಯು ಕಳಿಸಿದ ವೋಲ್ಟೇಜ್. ಇಸಿಯು ಒಂದು ರೆಸಿಸ್ಟರಿನ ಮೂಲಕ ಆ ತಂತಿಯನ್ನು ಮೇಲೆತ್ತಿ ಹಿಡಿದಿರುತ್ತದೆ. ಹಾಲ್ ಸೆನ್ಸರ್ ಮಾಡುವುದೇನೆಂದರೆ, ಹಲ್ಲು ಹಾಯ್ದಾಗಲೆಲ್ಲ ಅದನ್ನು ಅರ್ಥಿಗೆ ಎಳೆದು ಸೊನ್ನೆ ಮಾಡಿ ಬಿಡುವುದು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಇಸಿಯು ಎಣಿಸುವುದು ಈ ಬೀಳುವಿಕೆಯನ್ನು. ಆದ್ದರಿಂದ ಬಿಚ್ಚಿದ ಕಪ್ಲರಿನ ಸಿಗ್ನಲ್ ಪಿನ್ನಿನಲ್ಲಿ ವೋಲ್ಟೇಜ್ ಕಂಡರೆ ಆ ತಂತಿಯೂ ಇಸಿಯುವಿನ ಆ ಭಾಗವೂ ಬಹುಮಟ್ಟಿಗೆ ಸರಿ ಎಂದು ತಿಳಿಯಬಹುದು. ಸೊನ್ನೆ ಕಂಡರೆ ತಂತಿ ಎಲ್ಲೋ ಹರಿದಿದೆ, ಇಲ್ಲವೇ ಗಾಡಿಯ ಮೈಗೆ ತಗುಲಿದೆ.

ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ಅಳೆಯುವ ಅಭ್ಯಾಸ ಬೇಡ. ಆ ಸಣ್ಣ ತೂತಿನಿಂದ ನೀರು ಹೋಗಿ ಬರಬರುತ್ತ ತಾಮ್ರ ಕೊಳೆಯುತ್ತದೆ. ಕಪ್ಲರಿನ ಹಿಂಬದಿಯಿಂದ ತೆಳ್ಳಗಿನ ಪಿನ್ ಇಳಿಸಿ ಅಳೆಯಿರಿ. ಇಸಿಯು ಕಡೆಯ ಸಿಗ್ನಲ್ ತಂತಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ. ಬಲ್ಬು ಎಳೆಯುವ ಕರೆಂಟನ್ನು ಆ ಸೂಕ್ಷ್ಮ ಭಾಗ ತಾಳಲಾರದು.

ನಮ್ಮ ಅಳತೆಯಲ್ಲಿ ಪವರ್ 12 ವೋಲ್ಟ್ ಬಂತು, ಸಿಗ್ನಲ್ ಬಂತು. ಪವರ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಅಳೆದರೂ 12 ವೋಲ್ಟ್. ಜೊತೆಗಿದ್ದ ಹುಡುಗ, “ಎಲ್ಲಾ ಬರೋಬ್ಬರಿ ಐತ್ರಿ ಸರ, ಇಸಿಯು ಹೋಗಿರಬೇಕು” ಅಂದ. ಮೊದಲ ಗ್ಯಾರೇಜಿನವರು ಸೆನ್ಸರ್ ಬದಲಿಸಿದರು, ನಾವು ಇಸಿಯು ಬದಲಿಸಲು ಹೊರಟಿದ್ದೆವು. ಹಾಗೆ ಮಾಡಿದ್ದರೆ ಕಾಕಾನ ಎಷ್ಟು ಬಾಡಿಗೆಯ ದುಡ್ಡು ನೀರಾಗುತ್ತಿತ್ತೋ!

ಡಿಜಿಟಲ್ ಮಲ್ಟಿಮೀಟರು ಅಳೆಯುವಾಗ ಕರೆಂಟನ್ನು ಬಹುತೇಕ ಎಳೆಯುವುದೇ ಇಲ್ಲ. ತುಕ್ಕು ಹಿಡಿದ, ಕೂದಲೆಳೆಯಷ್ಟೇ ತಗುಲಿದ ಜೋಡಣೆಯ ಮೂಲಕವೂ ಅದು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಕಸ ಕಟ್ಟಿದ ಪೈಪಿನ ಬಾಯಿ ಮುಚ್ಚಿ ಒತ್ತಡ ನೋಡಿದರೆ ಟಾಕಿಯ ಒತ್ತಡವೇ ಕಾಣುತ್ತದೆ. ಬಾಯಿ ಬಿಟ್ಟಾಗ ಮಾತ್ರ ನೀರು ಹನಿಯುವುದು ಗೊತ್ತಾಗುತ್ತದೆ. ತಂತಿಯದೂ ಅದೇ ಸ್ವಭಾವ. ಹೊರೆ ಬಿದ್ದಾಗಲೇ ಅದರ ಯೋಗ್ಯತೆ ತಿಳಿಯುವುದು. ಹಾಗಾಗಿ ಸೆನ್ಸರಿನ ಕಪ್ಲರನ್ನು ಮತ್ತೆ ಕೂಡಿಸಿ, ಕೀಲಿ ಆನ್ ಇಟ್ಟು, ಹಿಂಬದಿಯಿಂದ ಅರ್ಥ್ ತಂತಿಗೆ ಕೆಂಪು ಪಿನ್ ಇಳಿಸಿ, ಕಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದೆವು. ಆರೋಗ್ಯವಂತ ಅರ್ಥ್ ಆಗಿದ್ದರೆ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದದ್ದು ಮೂರರ ಆಸುಪಾಸು.

ಅರ್ಥವಾಯಿತೇ? ಸೆನ್ಸರ್ ತನ್ನ ಮಟ್ಟಿಗೆ ಸಿಗ್ನಲ್ ತಂತಿಯನ್ನು ಅರ್ಥಿಗೆ ಎಳೆಯುತ್ತಲೇ ಇತ್ತು. ಆದರೆ ಅದರ ಅರ್ಥೇ ಮೂರು ವೋಲ್ಟಿನ ಮೇಲೆ ತೇಲುತ್ತಿತ್ತು. ಅದು ಎಷ್ಟು ಎಳೆದರೂ ಸಿಗ್ನಲ್ ಮೂರು ವೋಲ್ಟಿಗಿಂತ ಕೆಳಗೆ ಇಳಿಯಲಾರದು. ಇಸಿಯುಗೆ ಅದು ಬಿದ್ದಂತೆ ಕಾಣುವುದಿಲ್ಲ, ಎಣಿಸುವುದಿಲ್ಲ. ಹೊಸ ಸೆನ್ಸರ್ ಹಾಕಿದರೂ ಅದೂ ಅಷ್ಟೇ ಎಳೆಯಬಲ್ಲದು.

ಆ ಅರ್ಥ್ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿಕೊಂಡು ಹೋದೆವು. ಗೇರ್‌ಬಾಕ್ಸಿನ ಮೈಮೇಲೆ ಒಂದು ಬೋಲ್ಟಿನ ಕೆಳಗೆ ಅದರ ರಿಂಗು ಕೂತಿತ್ತು. ಬೋಲ್ಟು ಕೈಯಲ್ಲೇ ತಿರುಗಿತು. ರಿಂಗಿನ ಕೆಳಗೆ ಕೆಸರು ಒಣಗಿ ಕಪ್ಪು ಪದರವಾಗಿತ್ತು. ಕ್ಲಚ್ ಪ್ಲೇಟ್ ಹಾಕಿದ ದಿನ ಅದನ್ನು ಬಿಗಿಯುವುದು ಯಾರ ಕೈಯಿಂದಲೋ ಮರೆತಿತ್ತು. ಮರಳು ಕಾಗದದಿಂದ ಲೋಹ ಹೊಳೆಯುವಷ್ಟು ಉಜ್ಜಿ, ಪಾನಾ ಹಾಕಿ ಬಿಗಿದೆವು. ಮಲ್ಟಿಮೀಟರು 0.02 ವೋಲ್ಟ್ ತೋರಿಸಿತು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ನಾನು ಯಾರಿಗೂ ಕಲಿಸುವುದಿಲ್ಲ. ಕೂಗು ನಿಜಕ್ಕೂ ಬರುತ್ತಿದೆಯೇ ನೋಡಬೇಕು. ಮುಂದಿನ ಚಕ್ರ ಎಳೆಯುವ ಗಾಡಿಯಾದ್ದರಿಂದ ಕೈಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಇಟ್ಟೆವು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ, ಒಂದು ನಿಮಿಷದ ಕೆಲಸವಾದರೂ. ಗೇರ್ ನ್ಯೂಟ್ರಲ್, ಕೀಲಿ ಆನ್, ಎಂಜಿನ್ ಬಂದ್. ಸಿಗ್ನಲ್ ತಂತಿಗೆ ಮಲ್ಟಿಮೀಟರ್ ಹಚ್ಚಿ ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದರೆ ವೋಲ್ಟೇಜ್ ಏರುವುದು ಇಳಿಯುವುದು ಕಾಣಬೇಕು. ಎಷ್ಟು ಸಲ? ಮೊದಲು ಮಾಡಿದ ಲೆಕ್ಕ ಈಗ ತೆಗೆಯಿರಿ. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.7 ಮೀಟರ್. ಕಿಲೋಮೀಟರಿಗೆ 2548 ಪಲ್ಸ್ ಎಂದರೆ 1.7 ಮೀಟರಿಗೆ ನಾಲ್ಕು ಚಿಲ್ಲರೆ. ಆದರೆ ಒಂದೇ ಚಕ್ರ ತಿರುಗಿ ಇನ್ನೊಂದು ನೆಲದ ಮೇಲೆ ನಿಂತಿದ್ದರೆ ಡಿಫರೆನ್ಷಿಯಲ್ ಅರ್ಧ ಸುತ್ತು ಮಾತ್ರ ತಿರುಗುತ್ತದೆ. ಹಾಗಾಗಿ ಚಕ್ರದ ಒಂದು ಸುತ್ತಿಗೆ ಎರಡೇ ಪಲ್ಸ್. ಇದು ಗೊತ್ತಿಲ್ಲದವರು ‘ಪಲ್ಸ್ ಕಮ್ಮಿ ಬರುತ್ತಿದೆ’ ಎಂದು ಮತ್ತೆ ಸೆನ್ಸರನ್ನೇ ದೂರುತ್ತಾರೆ. ನಮ್ಮ ಹುಡುಗ ಚಕ್ರ ತಿರುಗಿಸುತ್ತ, “ಒಂದ್... ಎರಡ್...” ಎಂದು ಎಣಿಸಿದ.

ಚಕ್ರ ತಿರುಗಿಸಿದರೂ ವೋಲ್ಟೇಜ್ ಅಲ್ಲಾಡದೆ, ಮೂರೂ ತಂತಿ ಸರಿಯಿದ್ದರೆ, ಆಗ ಸೆನ್ಸರ್ ಬಿಚ್ಚಿ. ಬಿಚ್ಚಿದ ಮೇಲೂ ಮೊದಲು ಅದರ ತುದಿಯ ಪ್ಲಾಸ್ಟಿಕ್ ಗೇರ್ ನೋಡಿ. ಹಲ್ಲು ಸವೆದಿದ್ದರೆ ಸೆನ್ಸರಿನ ತಪ್ಪಲ್ಲ, ಕುರಿಗಳೇ ದಾಟುತ್ತಿಲ್ಲ.

ಪಲ್ಸ್ ಸರಿಯಾಗಿ ಬಂದರೂ ಮುಳ್ಳು ಏಳದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಸೆನ್ಸರಿನ ಕಪ್ಲರ್ ಬಿಚ್ಚಿ, ಸಿಗ್ನಲ್ ಪಿನ್ನಿಗೆ 1 ಕಿಲೋಓಮ್ ರೆಸಿಸ್ಟರ್ ಇರುವ ತಂತಿ ತಗುಲಿಸಿ, ಅದರ ಇನ್ನೊಂದು ತುದಿಯಿಂದ ಎಂಜಿನ್ನಿನ ಲೋಹವನ್ನು ಚಕಚಕನೆ ಮುಟ್ಟಿ ಮುಟ್ಟಿ ಬಿಡಿ. ನೀವೇ ಈಗ ಸೆನ್ಸರ್ ಆಗಿದ್ದೀರಿ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ವೇಗದ ಅಂಕಿ ಹಾರಿದರೆ ಇಸಿಯು ಕೇಳಿಸಿಕೊಳ್ಳುತ್ತಿದೆ, ಸ್ಕ್ಯಾನರಿನಲ್ಲಿ ಬಂದು ಮುಳ್ಳು ಮಾತ್ರ ಸತ್ತಿದ್ದರೆ ದೋಷ ಮೀಟರಿನ ಕಡೆ. ಪವರ್ ಪಿನ್ನನ್ನು ತಪ್ಪಿಯೂ ಹೀಗೆ ಮುಟ್ಟಿಸಬಾರದು; ಯಾವ ಪಿನ್ ಯಾವುದೆಂದು ವೈರಿಂಗ್ ನಕ್ಷೆಯಲ್ಲಿ ನೋಡಿಯೇ ಕೈಹಾಕಿ. ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ, ಹಿಂದೆ ಯಾರೋ ಬೇರೆ ತಂತಿ ಸೇರಿಸಿರಬಹುದು.

ಬಿಟ್ಟುಬಿಟ್ಟು ಬರುವ ದೋಷ ಎಲ್ಲಕ್ಕಿಂತ ಕಠಿಣ. ಗ್ಯಾರೇಜಿನಲ್ಲಿ ಎಲ್ಲ ಸರಿ, ದಾರಿಯಲ್ಲಿ ಮುಳ್ಳು ಕುಣಿಯುತ್ತದೆ. ಆಗ ಎಂಜಿನ್ ನಡೆಸಿ, ಲೈವ್ ಡೇಟಾ ನೋಡುತ್ತ, ತಂತಿಯ ಕಟ್ಟನ್ನು ಗೇಣು ಗೇಣಿಗೆ ಅಲ್ಲಾಡಿಸುತ್ತ ಹೋಗಬೇಕು. ದಾರಿಯಲ್ಲಿ ನೋಡಬೇಕಾದರೆ ಇಬ್ಬರು ಹೋಗಿ. ಓಡಿಸುವವರು ರಸ್ತೆ ನೋಡಲಿ, ಪಕ್ಕದವರು ಸ್ಕ್ಯಾನರ್ ನೋಡಲಿ. ಈ ಕೆಲಸಕ್ಕೆ ತಾಳ್ಮೆಯ ಹೊರತು ಬೇರೆ ಉಪಕರಣ ನನಗೆ ಕಂಡಿಲ್ಲ.

ಕಾಕಾನ ಗಾಡಿಯ ಕೋಡ್ ಅಳಿಸಿ ಸಂಖ ಊರಿನ ಕಡೆಗೆ ಒಂದು ಸುತ್ತು ಹೋಗಿ ಬಂದೆವು. ಮೀಟರಿನ ಮುಳ್ಳು, ಸ್ಕ್ಯಾನರಿನ ಅಂಕಿ, ಮೊಬೈಲಿನ ಜಿಪಿಎಸ್ ಮೂರನ್ನೂ ಹೋಲಿಸಿದೆವು. ಮುಳ್ಳು ಜಿಪಿಎಸ್ಸಿಗಿಂತ ಎರಡು ಮೂರು ಹೆಚ್ಚು ತೋರಿಸಿತು. ಕಂಪನಿಗಳು ಬೇಕೆಂದೇ ಸ್ವಲ್ಪ ಹೆಚ್ಚು ತೋರುವಂತೆ ಮಾಡಿರುತ್ತವೆ, ಅದು ದೋಷವಲ್ಲ. ದೀಪ ಮತ್ತೆ ಹತ್ತಲಿಲ್ಲ.

ತಿರುಗಿ ಬಂದು ಬಟ್ಟೆಯ ಗಂಟು ಬಿಚ್ಚಿಸಿ ಹಳೆಯ ಸೆನ್ಸರನ್ನು ಮೇಜಿನ ಮೇಲೆ ಇಟ್ಟೆವು. ಪವರ್ ಪಿನ್ನಿಗೆ 12 ವೋಲ್ಟ್, ಅರ್ಥ್ ಪಿನ್ನಿಗೆ ಬ್ಯಾಟರಿಯ ಮೈನಸ್, ಪವರಿಗೂ ಸಿಗ್ನಲ್ಲಿಗೂ ನಡುವೆ 4.7 ಕಿಲೋಓಮಿನ ಒಂದು ರೆಸಿಸ್ಟರ್. ಸ್ಪಿಂಡಲನ್ನು ಬೆರಳಿನಿಂದ ತಿರುಗಿಸಿದೆವು. ಹನ್ನೆರಡು, ಸೊನ್ನೆ, ಹನ್ನೆರಡು, ಸೊನ್ನೆ. ಒಂದು ಸುತ್ತಿಗೆ ಸರಿಯಾಗಿ ನಾಲ್ಕು ಸಲ. ಅದಕ್ಕೆ ಏನೂ ಆಗಿರಲಿಲ್ಲ. ಕಾಕಾ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಒಂದು ಮಾತೂ ಆಡಲಿಲ್ಲ.

ಇದನ್ನು ಓದಿದ ಮೇಲೆ ಒಂದು ಕೆಲಸ ಮಾಡಿ. ಕೆಟ್ಟ ಗಾಡಿ ಬರುವವರೆಗೆ ಕಾಯಬೇಡಿ. ಸರಿಯಾಗಿ ಓಡುತ್ತಿರುವ ಒಂದು ಗಾಡಿಯ ವೇಗದ ಸೆನ್ಸರ್ ಹುಡುಕಿ, ಕಪ್ಲರ್ ಕೂಡಿಸಿದಾಗ ಎಷ್ಟು, ಬಿಚ್ಚಿದಾಗ ಎಷ್ಟು, ಚಕ್ರ ತಿರುಗಿಸಿದಾಗ ಎಷ್ಟು ಎಂದು ಮೂರೂ ತಂತಿಯ ವೋಲ್ಟೇಜ್ ಅಳೆದು, ತಂತಿಯ ಬಣ್ಣದ ಜೊತೆ ನಿಮ್ಮ ನೋಟುಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ.